ಗೆಳೆಯಾ, ನಿನ್ನ ಸಿನಿಮಾವನ್ನು ರಾಷ್ಟ್ರ ಪ್ರಶಸ್ತಿಗೆ ಕಳಿಸು

ಪ್ರೀತಿಯ ಗೆಳೆಯಾ,

ಸಿನಿಮಾವನ್ನು ರಾಷ್ಟ್ರ ಪ್ರಶಸ್ತಿಗೆ ಕಳಿಸುವುದು ಬೇಡ ಅಂದೆಯಲ್ಲ, ಆ ಮಾತು ನನ್ನನ್ನು ಬಿಡುತ್ತಿಲ್ಲ. "ಅದೆಲ್ಲ ದೊಡ್ಡವರಿಗೆ ಕಣೋ" ಅಂದೆ. ಫೋನಿನಲ್ಲಿ ವಾದ ಮಾಡಲು ಮನಸ್ಸಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

2023ರ ಚಿತ್ರಗಳಿಗೆ ಕೊಟ್ಟ ಪ್ರಶಸ್ತಿಗಳನ್ನೇ ನೋಡು. ಎಲ್ಲರೂ ಮಾತಾಡಿದ್ದು ಶಾರುಖ್ ಖಾನ್ ಬಗ್ಗೆ. ಆದರೆ ಅದೇ ಪಟ್ಟಿಯಲ್ಲಿ 'ಸನ್‌ಫ್ಲವರ್ಸ್ ವೇರ್ ದಿ ಫಸ್ಟ್ ಒನ್ಸ್ ಟು ನೋ' ಚಿತ್ರದ ನಮ್ಮ ಚಿದಾನಂದ ನಾಯ್ಕ್ ಹೆಸರೂ ಇತ್ತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಓದುವಾಗ ಮಾಡಿದ ಕನ್ನಡದ ಕಿರುಚಿತ್ರ ಅದು. ಅಜ್ಜಿಯೊಬ್ಬಳು ಹುಂಜ ಕದ್ದ ಜಾನಪದ ಕಥೆ. ಕಿರುಚಿತ್ರಗಳ ವಿಭಾಗದಲ್ಲಿ ಚಿತ್ರಕಥೆಗೆ ಪ್ರಶಸ್ತಿ ಬಂತು. ಅದು ದೊಡ್ಡವರ ಸಿನಿಮಾ ಅಲ್ಲವಲ್ಲ?

ಅದರ ಹಿಂದಿನ ಸಲ ರಿಷಬ್ ಶೆಟ್ಟಿಗೆ 'ಕಾಂತಾರ'ಕ್ಕಾಗಿ ಅತ್ಯುತ್ತಮ ನಟ ಪ್ರಶಸ್ತಿ ಬಂದಾಗ ಇಡೀ ಕರ್ನಾಟಕ ಕುಣಿಯಿತು. ನನಗೂ ಖುಷಿಯಾಯ್ತು. ಆದರೆ ಕಣ್ಣು ತುಂಬಿ ಬಂದಿದ್ದು ಸುರೇಶ್ ಅರಸ್ ಹೆಸರು ನೋಡಿ. 'ಬಾಂಬೆ' ಚಿತ್ರದ ಎಡಿಟಿಂಗ್‌ಗೆ ಎಂದೋ ರಾಷ್ಟ್ರ ಪ್ರಶಸ್ತಿ ಪಡೆದವರು. ಅಷ್ಟು ವರ್ಷಗಳ ನಂತರ 'ಮಧ್ಯಂತರ' ಅನ್ನೋ ಕನ್ನಡ ಕಿರುಚಿತ್ರದ ಎಡಿಟಿಂಗ್‌ಗೆ ಮತ್ತೆ ಬಂತು. ಅದರ ನಿರ್ದೇಶಕ ಬಸ್ತಿ ದಿನೇಶ್ ಶೆಣೈ ಅವರಿಗೆ ಚೊಚ್ಚಲ ಚಿತ್ರದ ಪ್ರಶಸ್ತಿ. ನೀನೂ ಎಡಿಟಿಂಗ್ ಟೇಬಲ್ ಮುಂದೆ ಕೂತವನೇ, ಇದರ ಬೆಲೆ ನಿನಗೆ ನಾನು ಹೇಳಬೇಕಾ?

'ನಾನು ಅವನಲ್ಲ... ಅವಳು' ನೆನಪಿದೆಯಾ? 2014ರ ಚಿತ್ರಗಳ ಪ್ರಶಸ್ತಿಯಲ್ಲಿ ಸಂಚಾರಿ ವಿಜಯ್ ಅತ್ಯುತ್ತಮ ನಟ. ಜೊತೆಗೆ ಅದೇ ಚಿತ್ರದ ಮೇಕಪ್‌ಗೆ ನಾಗರಾಜು ಮತ್ತು ರಾಜು ಅವರಿಗೂ ಪ್ರಶಸ್ತಿ. ಅದೆಷ್ಟು ಸರಿಯಾದ ತೀರ್ಮಾನ! ಗಂಡಾಗಿ ಹುಟ್ಟಿದ ಜೀವ ಹೆಣ್ಣಾಗುವ ಕಥೆ. ಆ ಮುಖ ದೃಶ್ಯದಿಂದ ದೃಶ್ಯಕ್ಕೆ ಬದಲಾಗಬೇಕು, ಆದರೆ ಬಣ್ಣ ಹಚ್ಚಿದ್ದು ಗೊತ್ತಾಗಬಾರದು. ವಿಜಯ್ ನಟನೆಯನ್ನು ಹೊಗಳುವ ನಾವು ಆ ಕೈಗಳನ್ನು ಮರೆಯುತ್ತೇವೆ. ತೀರ್ಪುಗಾರರು ಮರೆಯಲಿಲ್ಲ. 2021ರಲ್ಲಿ ವಿಜಯ್ ಅಪಘಾತದಲ್ಲಿ ಹೋದರು. ಅವರನ್ನು ನೆನೆಯುವಾಗಲೆಲ್ಲ ಈ ಪ್ರಶಸ್ತಿಯೂ ನೆನಪಾಗುತ್ತದೆ.

ಇದಕ್ಕೇ 2018ರಲ್ಲಿ ನಡೆದದ್ದು ನನಗೆ ಇವತ್ತಿಗೂ ಬೇಜಾರು. ರಾಷ್ಟ್ರಪತಿಗಳು 11 ಪ್ರಶಸ್ತಿ ಮಾತ್ರ ಕೊಡುತ್ತಾರೆ, ಉಳಿದದ್ದು ಸಚಿವರಿಂದ ಅಂತ ಕೊನೇ ಗಳಿಗೆಯಲ್ಲಿ ಹೇಳಿದರು. 50ಕ್ಕೂ ಹೆಚ್ಚು ವಿಜೇತರು ಸಮಾರಂಭ ನಡೆದ ದೆಹಲಿಯ ವಿಜ್ಞಾನ ಭವನಕ್ಕೆ ಹೋಗಲೇ ಇಲ್ಲ. ಅದು ಹಟ ಅಂತ ಕೆಲವರು ಬೈದರು. ನಾನು ಒಪ್ಪುವುದಿಲ್ಲ. ಸೌಂಡ್ ಮಾಡುವವನಿಗೂ ಸ್ಟಾರ್‌ಗೂ ಒಂದೇ ಕೈಯಿಂದ ಪದಕ ಸಿಗುತ್ತದೆ ಅನ್ನೋದೇ ಆ ಸಂಜೆಯ ದೊಡ್ಡತನ. ಅದನ್ನು ಎರಡು ದರ್ಜೆ ಮಾಡಿದರೆ ಇನ್ನೇನು ಉಳಿಯುತ್ತದೆ?

ಪ್ರಶಸ್ತಿ ಬಂದರೆ ಥಿಯೇಟರ್ ಸಿಗುತ್ತದೆ ಅಂತ ನಾನು ಹೇಳುವುದಿಲ್ಲ. ಎಷ್ಟೋ ಒಳ್ಳೆಯ ಕನ್ನಡ ಚಿತ್ರಗಳಿಗೆ ಸಿಗಲಿಲ್ಲ. 'ಸಂಸ್ಕಾರ'ದಿಂದ 'ದ್ವೀಪ'ದವರೆಗೆ ಆರು ಕನ್ನಡ ಚಿತ್ರಗಳು ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣ ಕಮಲ ತಂದಿವೆ. ಅವುಗಳಲ್ಲಿ ಎಷ್ಟನ್ನು ನಮ್ಮ ಹುಡುಗರು ನೋಡಿದ್ದಾರೆ? ಆದರೂ 'ಘಟಶ್ರಾದ್ಧ', 'ತಬರನ ಕಥೆ' ಅಂದರೆ ಬೇರೆ ರಾಜ್ಯದ ಸಿನಿಮಾ ಪ್ರಿಯರು ತಲೆಯಾಡಿಸುತ್ತಾರಲ್ಲ, ಅದಕ್ಕೆ ಈ ಪ್ರಶಸ್ತಿಯೂ ಒಂದು ಕಾರಣ.

ಇನ್ನು ಕೆಲಸದ ಮಾತು. ಪ್ರಶಸ್ತಿ ಯಾವ ವರ್ಷದ್ದೋ ಆ ವರ್ಷ ಜನವರಿ 1ರಿಂದ ಡಿಸೆಂಬರ್ 31ರೊಳಗೆ ಸೆನ್ಸಾರ್ ಸರ್ಟಿಫಿಕೇಟ್ ಸಿಕ್ಕಿರಬೇಕು. ನಿನ್ನದು ಸಿಕ್ಕಿದೆ. ಇಂಗ್ಲಿಷ್ ಸಬ್‌ಟೈಟಲ್ ಬೇಕು. ಮೊದಲು ಪ್ರಾದೇಶಿಕ ಸಮಿತಿ ನೋಡುತ್ತದೆ, ಆಮೇಲೆ ಕೇಂದ್ರ ಸಮಿತಿ. ಅಂದರೆ ಮೊದಲ ಸುತ್ತಿನಲ್ಲೇ ನಮ್ಮ ಭಾಷೆ ಗೊತ್ತಿರುವವರು ಕೂತು ನೋಡುವ ಅವಕಾಶ ಇದೆ. ಚೊಚ್ಚಲ ನಿರ್ದೇಶಕರಿಗೆ ಈಗ ಸ್ವರ್ಣ ಕಮಲದ ಜೊತೆ 3 ಲಕ್ಷ ರೂಪಾಯಿ. ನಿನ್ನ ಸಾಲಕ್ಕೆ ಅದೂ ಸಣ್ಣ ಮೊತ್ತವಲ್ಲ.

ನಿರ್ಮಾಪಕರು ಹಿಂದೇಟು ಹಾಕಿದರೆ ನಂಬರ್ ಕೊಡು, ನಾನು ಮಾತಾಡುತ್ತೇನೆ. ಸಬ್‌ಟೈಟಲ್ ಫೈಲ್ ಈ ವಾರವೇ ಕಳಿಸು. ಆ ಜಾತ್ರೆ ದೃಶ್ಯದ ಮಾತುಗಳನ್ನು ಇಂಗ್ಲಿಷಿಗೆ ತರುವುದು ಕಷ್ಟ, ಭಾನುವಾರ ಇಬ್ಬರೂ ಕೂತು ಮಾಡೋಣ.

ನಿನ್ನ,
ಗೆಳೆಯ