ಲಿನೋ ಪ್ಯಾಟರ್ನ್: ಅಚ್ಚು ಹಾಕುವ ಮುನ್ನ

ಎಲೆಯ ಚಿತ್ರದಿಂದ ಪ್ಯಾಟರ್ನ್ (ಪಕ್ಕಪಕ್ಕಕ್ಕೆ ಮರುಕಳಿಸುವ ವಿನ್ಯಾಸ) ಮಾಡಿ ಲಿನೋದಲ್ಲಿ (ಕೆತ್ತಿ ಅಚ್ಚು ಹಾಕುವ ಲಿನೋಲಿಯಂ ಹಾಳೆ) ಅಚ್ಚು ಹಾಕುವವರು ದಯವಿಟ್ಟು ಇದನ್ನು ಓದಿಕೊಳ್ಳಿ.

ಎಲೆಯನ್ನು ಎದುರಿಗಿಟ್ಟುಕೊಂಡೇ ಬರೆಯಿರಿ. ನೆನಪಿನಿಂದ ಬರೆದರೆ ನರಗಳು ಎರಡೂ ಕಡೆ ಸರಿಜೋಡಿಯಾಗಿ ಬಂದುಬಿಡುತ್ತವೆ. ಎಷ್ಟೋ ಎಲೆಗಳಲ್ಲಿ ಅವು ಹಿಂದುಮುಂದಾಗಿರುತ್ತವೆ. ಪ್ಯಾಟರ್ನಿಗೆ ಜೀವ ಬರುವುದೇ ಅಲ್ಲಿ.

10 ಸೆಂ.ಮೀ. ಚೌಕದ ಮಧ್ಯೆ, ಅಂಚಿಗೆ ತಾಗದಂತೆ ಬರೆದು, ಉದ್ದಕ್ಕೆ ಕತ್ತರಿಸಿ, ಎಡ-ಬಲ ಅದಲುಬದಲು ಮಾಡಿ ಹಿಂದಿನಿಂದ ಟೇಪ್ ಹಚ್ಚಿ. ಅಡ್ಡಕ್ಕೂ ಹಾಗೆಯೇ. ಆಮೇಲೆ ನಡುವಿನ ಖಾಲಿ ಜಾಗ ತುಂಬಿಸಿ. ಅಂಚನ್ನು ಮಾತ್ರ ಮುಟ್ಟಬೇಡಿ, ಮುಟ್ಟಿದರೆ ಪಕ್ಕದ ಚೌಕಕ್ಕೆ ಗೆರೆ ಕೂಡುವುದಿಲ್ಲ.

4ಬಿ ಪೆನ್ಸಿಲ್‌ನಲ್ಲಿ ಟ್ರೇಸ್ ಮಾಡಿ, ಕಾಗದ ಮಗುಚಿ ಲಿನೋ ಮೇಲೆ ಉಜ್ಜಿ. ಲಿನೋ ಗಟ್ಟಿಯಾಗಿದ್ದರೆ ಸ್ವಲ್ಪ ಬೆಚ್ಚಗೆ ಮಾಡಿ. ಉಳಿಯಿಂದ ಕೆತ್ತುವಾಗ ಲಿನೋ ಹಿಡಿದ ಕೈ ಯಾವಾಗಲೂ ಉಳಿಯ ಹಿಂದೆಯೇ ಇರಲಿ.

ಹೆಚ್ಚಿನವರು ಎಡವುವುದು ಇಂಕಿನಲ್ಲಿ. ರೋಲರ್ ಉರುಳಿಸುವಾಗ ಚರಚರ ಎಂಬ ತೆಳು ಸದ್ದು ಬರಬೇಕು. ಪಚಪಚ ಸದ್ದು ಬಂದರೆ, ಇಲ್ಲವೇ ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗಿ ಕಂಡರೆ, ಇಂಕು ಜಾಸ್ತಿಯಾಗಿದೆ. ಸಣ್ಣ ನರಗಳೆಲ್ಲ ಮುಚ್ಚಿಹೋಗುತ್ತವೆ. ರೋಲರನ್ನು ಹಳೆಯ ಕಾಗದದ ಮೇಲೆ ಉರುಳಿಸಿ ಇಂಕು ಇಳಿಸಿ. ಮೊದಲ ಎರಡು-ಮೂರು ಅಚ್ಚು ಪೇಲವವಾಗಿ ಬಂದರೆ ಗಾಬರಿ ಬೇಡ, ಲಿನೋ ಇನ್ನೂ ಇಂಕು ಹಿಡಿಯುತ್ತಿರುತ್ತದೆ.