ಗ್ಯಾಲರಿಯಲ್ಲಿ ಕೂತು ನಿಮ್ಮಪ್ಪನನ್ನು ನೆನೆದೆ

ಗೆಳೆಯಾ,

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮಪ್ಪನ ಸುದ್ದಿ ಎತ್ತಿದರೆ ನೀನು ಮಾತು ಬೇರೆ ಕಡೆಗೆ ತಿರುಗಿಸುತ್ತೀಯ. ಅದಕ್ಕೇ ಈ ಪತ್ರ.

ಮೊನ್ನೆ ಮಗಳನ್ನು ಕರೆದುಕೊಂಡು ವಿಧಾನಸೌಧಕ್ಕೆ ಹೋಗಿದ್ದೆ. ಅಧಿವೇಶನ ನೋಡಬೇಕು ಅಂತ ಅವಳ ಹಟ. ಯಾರನ್ನೋ ಹಿಡಿದು ಪಾಸ್ ಮಾಡಿಸಿದೆ. ಮೊದಲ ದಿನ ಬೇರೆ, ಅವಳು ಕಾಯುತ್ತಿದ್ದ ಕೂಗಾಟ ಇರಲಿಲ್ಲ. ಸಂತಾಪ ಸೂಚನೆ. ಸ್ಪೀಕರ್ ತೀರಿಕೊಂಡವರ ಹೆಸರು ಓದಿದರು. ಮುಖ್ಯಮಂತ್ರಿ, ವಿರೋಧ ಪಕ್ಷದ ನಾಯಕರು ಮಾತಾಡಿದರು. ಆಮೇಲೆ ಎಲ್ಲರೂ ಎದ್ದು ಮೌನ. ನಾವೂ ಎದ್ದೆವು. ಅರ್ಧದಲ್ಲೇ ಮಗಳು ಷರ್ಟು ಜಗ್ಗಿ "ಮುಗೀತಾ?" ಅಂದಳು. ನನಗೆ ಮುಗಿದಿರಲಿಲ್ಲ. ಯಾಕೋ ನಿಮ್ಮಪ್ಪ ಬಂದು ಎದುರಿಗೆ ನಿಂತಂಗಾಯ್ತು.

1990ರ ಫೆಬ್ರವರಿ 14, ಬುಧವಾರ. ಊಟದ ಹೊತ್ತು. ನಿನ್ನ ಡಬ್ಬಿಯ ಚಿತ್ರಾನ್ನಕ್ಕೆ ನಾನು ಕೈ ಹಾಕಿದ್ದೆ. ಗಾಲ್ಫ್ ಮೈದಾನದ ಕಡೆಯಿಂದ ಕರೀ ಹೊಗೆ ಎದ್ದಿತು. ಬಾಂಬೆಯಿಂದ ಬರುತ್ತಿದ್ದ ಇಂಡಿಯನ್ ಏರ್‌ಲೈನ್ಸ್ ವಿಮಾನ ನಮ್ಮ ಬೆಂಗಳೂರಿನ ಹಳೇ ಎಚ್‌ಎಎಲ್ ವಿಮಾನ ನಿಲ್ದಾಣದ ರನ್‌ವೇ ಮುಟ್ಟುವ ಮೊದಲೇ ನೆಲಕ್ಕೆ ಬಡಿದಿತ್ತು. ಹೊಸಾ ಏರ್‌ಬಸ್ ಎ320. ಇಳಿಯುವಾಗ ಎಂಜಿನ್ನಿನ ಶಕ್ತಿ ತೀರಾ ಕಮ್ಮಿಯಾಗಿ ವೇಗ ಬಿದ್ದುಹೋಗಿತ್ತಂತೆ. ಪೈಲಟ್‌ಗಳಿಗೆ ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಒಳಗಿದ್ದವರು 146 ಜನ. 92 ಜನ ಹೋದರು, 54 ಜನ ಉಳಿದರು.

ನಿಮ್ಮಪ್ಪ ಆಗ ಅದೇ ಮೈದಾನದಲ್ಲಿ ಹುಲ್ಲು ಕತ್ತರಿಸುವ ಕೆಲಸದಲ್ಲಿದ್ದರಲ್ಲ. ಸಂಜೆ ನಾನು ನಿಮ್ಮನೆಗೆ ಬಂದಾಗ ಬಚ್ಚಲ ಕಲ್ಲಿನ ಮೇಲೆ ಕೂತು ಸೀಗೆಪುಡಿ ಹಾಕಿ ಕೈ ಉಜ್ಜುತ್ತಲೇ ಇದ್ದರು. ಸೀಮೆಎಣ್ಣೆ ವಾಸನೆ. ವಿಮಾನಕ್ಕೂ ಹೆಚ್ಚುಕಮ್ಮಿ ಸೀಮೆಎಣ್ಣೆನೇ ಹಾಕೋದು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಎಡ ಅಂಗೈ ತುಂಬಾ ಬೊಬ್ಬೆ. ಎಷ್ಟು ಜನರನ್ನು ಎಳೆದು ತಂದಿರಿ ಅಂತ ನಿಮ್ಮಮ್ಮ ಕೇಳಿದರು. "ಒಂದು ಕೈ ಜಾರಿತು" ಅಂದರು. ಅಷ್ಟೇ. ಆಮೇಲೆ ಆ ವಿಷಯ ಅವರ ಬಾಯಿಂದ ನಾನು ಕೇಳಲೇ ಇಲ್ಲ. ನೀನು ಕೇಳಿದ್ದೀಯಾ?

ಅಮೆರಿಕದಲ್ಲಿ 1982ರ ಜನವರಿಯಲ್ಲಿ ವಾಷಿಂಗ್ಟನ್ನಿನ ಹತ್ತಿರ ಒಂದು ವಿಮಾನ ಸೇತುವೆಗೆ ಬಡಿದು, ಹೆಪ್ಪುಗಟ್ಟಿದ ಪೊಟೊಮ್ಯಾಕ್ ನದಿಗೆ ಬಿತ್ತು. 79 ಜನರಲ್ಲಿ ಉಳಿದವರು ಐದೇ. ಹೆಲಿಕಾಪ್ಟರಿನ ಹಗ್ಗ ಹಿಡಿಯಲಾಗದೆ ಒಬ್ಬ ಹೆಂಗಸು ಮುಳುಗುತ್ತಿದ್ದಳು. ದಡದಲ್ಲಿ ನಿಂತು ನೋಡುತ್ತಿದ್ದ ಲೆನ್ನಿ ಸ್ಕಟ್ನಿಕ್ ಅನ್ನುವ ಸರ್ಕಾರಿ ನೌಕರ ಕೋಟು ಬಿಚ್ಚಿ ಆ ನೀರಿಗೆ ಹಾರಿ ಎಳೆದು ತಂದ. ಎರಡು ವಾರದೊಳಗೆ ಅಧ್ಯಕ್ಷ ರೇಗನ್ ಸಂಸತ್ತಿನಲ್ಲಿ ಭಾಷಣ ಮಾಡುವಾಗ ಈ ಮನುಷ್ಯ ಗ್ಯಾಲರಿಯಲ್ಲಿ ಅಧ್ಯಕ್ಷರ ಹೆಂಡತಿಯ ಪಕ್ಕ ಕೂತಿದ್ದ. ಹೆಸರು ಹೇಳಿದ ತಕ್ಷಣ ಇಡೀ ಸಭೆ ಎದ್ದು ಚಪ್ಪಾಳೆ ಹೊಡೆಯಿತು. ಸತ್ತವರಿಗೆ ಎದ್ದು ನಿಲ್ಲೋದು ನಮಗೂ ಚೆನ್ನಾಗಿ ಬರುತ್ತೆ. ಗ್ಯಾಲರಿ ಕಡೆ ಕತ್ತೆತ್ತಿ ನೋಡೋದು ಮಾತ್ರ ಯಾಕೋ ಬಂದಂತಿಲ್ಲ. 2010ರಲ್ಲಿ ಮಂಗಳೂರಿನ ಕೆಂಜಾರಿನಲ್ಲಿ ವಿಮಾನ ಬಿದ್ದು 158 ಜನ ಹೋದಾಗಲೂ ಮೊದಲು ಇಳಿಜಾರು ಇಳಿದು ಓಡಿದವರು ಊರವರೇ ಅಲ್ವಾ?

ಕರೆದಿದ್ದರೂ ನಿಮ್ಮಪ್ಪ ಬರುತ್ತಿರಲಿಲ್ಲ ಬಿಡು. ಬಂದಿದ್ದರೂ ಗೇಟಿನಲ್ಲೇ ಬೀಡಿ ಕಟ್ಟು ಕಿತ್ತುಕೊಳ್ಳುತ್ತಿದ್ದರು, ಅದಕ್ಕೊಂದು ಜಗಳ.

ಯುಗಾದಿಗೆ ಬರುವಾಗ ಅವರ ಹಳೇ ಕೆಲಸದ ಚೀಟಿ ಏನಾದರೂ ಟ್ರಂಕಿನಲ್ಲಿ ಇದೆಯಾ ಅಂತ ಅಮ್ಮನ್ನ ಕೇಳು. ಸ್ಪೀಕರಿಗೆ ಒಂದು ಅರ್ಜಿ ಬರೆದು ಹಾಕೋಣ. ಮೂವತ್ತೈದು ವರ್ಷ ಆದಮೇಲೆ ಇದೇನು ಹುಚ್ಚು ಅಂತ ನಗ್ತೀಯ, ಗೊತ್ತು. ನಗು. ಚೀಟಿ ಮಾತ್ರ ತಗೊಂಡು ಬಾ.

ನಿನ್ನ ಹಳೇ ಬೆಂಚಿನವನು