ಜೇಬುಗಡಿಯಾರ ಕರಗಿಸುವ ಮುನ್ನ ಮುಚ್ಚಳ ತೆಗೆದು ನೋಡಿ

ಮಾನ್ಯರೆ,

ಚಿನ್ನದ ದರ ಏರಿದಾಗಲೆಲ್ಲ ಮನೆಯ ಬೀರುವಿನಲ್ಲಿದ್ದ 19ನೇ ಶತಮಾನದ ಚಿನ್ನದ ಜೇಬುಗಡಿಯಾರಗಳು ತಕ್ಕಡಿ ಏರುತ್ತವೆ. ಯಂತ್ರ ಕಿತ್ತು ಬದಿಗಿಟ್ಟರೆ ಕೇಸು (ಹೊರಕವಚ) ಕರಗುತ್ತದೆ, ಉಳಿದ ಯಂತ್ರವನ್ನು ಕೇಳುವವರಿಲ್ಲ. ಇತ್ತ ಹೊಸದಾಗಿ ಸಂಗ್ರಹಕ್ಕೆ ಇಳಿದವರು ಹಿತ್ತಾಳೆಗೆ ಚಿನ್ನದ ಬೆಲೆ ತೆರುತ್ತಿದ್ದಾರೆ. ಕೇಸಿನೊಳಗಿನ ಮುದ್ರೆ ಓದಿದರೆ ಎರಡೂ ತಪ್ಪುತ್ತದೆ.

ಹಿಂದಿನ ಮುಚ್ಚಳದ ಕೀಲಿನ ಎದುರು ಬದಿಯಲ್ಲಿ ಸಣ್ಣ ತುಟಿಯಿರುತ್ತದೆ. ಅಲ್ಲಿ ಉಗುರು ಹಾಕಿ ಎಬ್ಬಿಸಿ, ಚಾಕು ಬೇಡ. ಇಂಗ್ಲೆಂಡಿನ 18 ಕ್ಯಾರೆಟ್ ಕೇಸಾದರೆ ಕಿರೀಟ ಮತ್ತು 18, ಜೊತೆಗೆ ಊರಿನ ಗುರುತು (ಲಂಡನ್ನಿಗೆ ಚಿರತೆಯ ತಲೆ, ಬರ್ಮಿಂಗ್‌ಹ್ಯಾಮಿಗೆ ಲಂಗರು), ವರ್ಷ ಹೇಳುವ ಒಂದು ಅಕ್ಷರ ಸಿಗುತ್ತವೆ. 9, 12, 15 ಕ್ಯಾರೆಟ್ ಅಲ್ಲಿ ಬಂದದ್ದು 1854ರಲ್ಲಿ. ಸ್ವಿಟ್ಜರ್ಲೆಂಡಿನಲ್ಲಿ 1880ರ ಕಾನೂನಿನ ನಂತರ 18 ಕ್ಯಾರೆಟ್ಟಿಗೆ ಹೆಣ್ಣಿನ ತಲೆ, 14ಕ್ಕೆ ಅಳಿಲು. ಒಳಮುಚ್ಚಳವನ್ನು ಬೇರೆಯಾಗಿಯೇ ನೋಡಬೇಕು: ಹೊರಗಿನದು ಅಪ್ಪಟ ಚಿನ್ನವಾಗಿದ್ದೂ ಅದು ಚಿನ್ನದ ಲೇಪ ಕೊಟ್ಟ ಹಿತ್ತಾಳೆಯಾಗಿರುವುದು ಸಾಮಾನ್ಯ.

ಹೆಚ್ಚು ಜನ ಮೋಸಹೋಗುವುದು ಅಮೆರಿಕದ ಕೇಸುಗಳಲ್ಲಿ. ‘ಗ್ಯಾರಂಟೀಡ್ 20 ಇಯರ್ಸ್’ ಎಂದು ಒತ್ತಿದ್ದರೆ ಅದು ಗಟ್ಟಿ ಚಿನ್ನವಲ್ಲ, ಹಿತ್ತಾಳೆಯ ಎರಡೂ ಬದಿಗೆ ತೆಳು ಚಿನ್ನದ ತಗಡು ಬೆಸೆದದ್ದು. ಅಷ್ಟು ವರ್ಷ ಚಿನ್ನ ಸವೆಯದು ಎಂಬುದೇ ಆ ಗ್ಯಾರಂಟಿ. ಅಂಗಡಿಯ ಎಕ್ಸ್‌ರೇ ಯಂತ್ರವೂ ಇಲ್ಲಿ ಯಾಮಾರಬಹುದು. ಅದು ನೋಡುವುದು ಮೇಲಿನ ಕೆಲವೇ ಮೈಕ್ರಾನ್, ತಗಡು ಅದಕ್ಕಿಂತ ದಪ್ಪವಿದ್ದರೆ 14 ಕ್ಯಾರೆಟ್ ಎಂದೇ ತೋರಿಸುತ್ತದೆ. ಸರಪಳಿ ಸಿಕ್ಕಿಸುವ ಬಳೆ, ಕೀಲಿನ ಗೆಣ್ಣು, ಮುಚ್ಚಳದ ಅಂಚು ಇವನ್ನು ಭೂತಗನ್ನಡಿಯಲ್ಲಿ ನೋಡಿ. ಸವೆದಲ್ಲಿ ಹಿತ್ತಾಳೆ ಇಣುಕುತ್ತದೆ.

ಇಂಗ್ಲಿಷ್ ಗಡಿಯಾರದಲ್ಲಿ ಯಂತ್ರದ ಮೇಲಿನ ನಂಬರೇ ಕೇಸಿನಲ್ಲೂ ಇದ್ದರೆ ಜೋಡಿ ಮೂಲದ್ದು, ಬೆಲೆಯೂ ಹೆಚ್ಚು. ಅಮೆರಿಕದ ಕಂಪನಿಗಳಾದ ವಾಲ್ಥಮ್, ಎಲ್ಜಿನ್‌ಗಳಲ್ಲಿ ನಂಬರು ಕೂಡದಿದ್ದರೆ ಅದು ದೋಷವಲ್ಲ. ಯಂತ್ರಕ್ಕೆ ಬೇಕಾದ ಕೇಸನ್ನು ಗಿರಾಕಿ ಅಂಗಡಿಯಲ್ಲೇ ಆರಿಸುತ್ತಿದ್ದ. ನಮ್ಮ ಕಡೆ ಕಾಣುವ ‘ಪಿ. ಓರ್ ಅಂಡ್ ಸನ್ಸ್, ಮದರಾಸು’ ಎಂಬ ಡಯಲ್ಲಿನ ಹೆಸರು ಮಾರಿದವರದು. ಯಂತ್ರ ಎಲ್ಲಿಯದೆಂದು ತಿಳಿಯಲು ಒಳಗೇ ನೋಡಬೇಕು.

ಇಟ್ಟುಕೊಳ್ಳುವವರಿಗೂ ಒಂದೆರಡು ಮಾತು. ಹತ್ತಾರು ವರ್ಷ ನಿಂತಿದ್ದ ಗಡಿಯಾರಕ್ಕೆ ಚಾವಿ ಕೊಟ್ಟು ‘ನಡೀತದೆ’ ಎಂದು ಹಿಗ್ಗಬೇಡಿ. ಒಳಗಿನ ಎಣ್ಣೆ ಅಂಟಾಗಿರುತ್ತದೆ, ಒಣಗಿದ ಕುಳಿಯಲ್ಲಿ ತಿರುಗುವ ಅಚ್ಚಿನ ತುದಿ ಸವೆಯುತ್ತದೆ. ಪೂರ್ತಿ ಬಿಚ್ಚಿ ತೊಳೆದು, ಪ್ರತಿ ಕುಳಿಗೂ ಗಡಿಯಾರದ ಎಣ್ಣೆ ಸೂಜಿಮೊನೆಯಷ್ಟು ಇಡಬೇಕು. ಹೊಲಿಗೆ ಯಂತ್ರದ ಎಣ್ಣೆ ಬಿಟ್ಟರೆ ಅದು ಹರಡಿ ಕೂದಲೆಳೆಯಂಥ ಸ್ಪ್ರಿಂಗಿನ ಸುತ್ತುಗಳನ್ನು ಅಂಟಿಸುತ್ತದೆ, ಗಡಿಯಾರ ಗಂಟೆಗಟ್ಟಲೆ ಮುಂದೆ ಓಡುತ್ತದೆ. ಮುಂದೆಯೂ ಮುಚ್ಚಳವಿರುವ ಗಡಿಯಾರವನ್ನು ಟಪ್ಪನೆ ಒತ್ತಿ ಮುಚ್ಚುವುದು ಎಲ್ಲರ ಚಾಳಿ. ಗುಂಡಿ ಅದುಮಿ ಹಿಡಿದು, ಮುಚ್ಚಳ ಕೂತ ಮೇಲೆ ಬಿಡಬೇಕು. ಇಲ್ಲದಿದ್ದರೆ ಉಕ್ಕಿನ ಕೊಕ್ಕೆ ಮೆತ್ತನೆಯ ಚಿನ್ನವನ್ನು ತಿಂದು, ಮುಚ್ಚಳ ನಿಲ್ಲದಾಗುತ್ತದೆ. ಡಯಲ್ಲಿನ ಎನಾಮೆಲ್ ಸೀಳನ್ನು ಬಿಳಿ ಬಣ್ಣ ತುಂಬಿ ಮುಚ್ಚಿರುತ್ತಾರೆ. ಬೆಳಕಿಗೆ ಓರೆಯಾಗಿ ಹಿಡಿದರೆ ಗೊತ್ತಾಗುತ್ತದೆ.

ನೂರು ವರ್ಷ ದಾಟಿದ ಕುಶಲಕಲೆಯ ವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯಿಸುವುದರಿಂದ, ವಿದೇಶದ ಹರಾಜಿಗೆ ಕಳಿಸುವವರು ಮೊದಲು ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ವಿಚಾರಿಸುವುದು ಕ್ಷೇಮ.

ಆಭರಣ ವ್ಯಾಪಾರಿಗಳಲ್ಲಿ ನಮ್ಮ ವಿನಂತಿ: ಯಂತ್ರ ಕೀಳುವ ಮೊದಲು ಡಯಲ್, ಯಂತ್ರ, ಒಳಮುದ್ರೆಗಳ ಒಂದೊಂದು ಫೋಟೊ ತೆಗೆದು ಬಲ್ಲ ಗಡಿಯಾರ ರಿಪೇರಿಯವರೊಬ್ಬರಿಗೆ ತೋರಿಸಿ. ತೂಕದ ಬೆಲೆಗಿಂತ ಹೆಚ್ಚು ಕೊಡುವವರು ಇದ್ದರೆ ಮಾಲೀಕರಿಗೂ ನಿಮಗೂ ಲಾಭವೇ.

– ಹಳೆಯ ಗಡಿಯಾರಗಳ ಸಂಗ್ರಹಕಾರರು, ಮೈಸೂರು